ಮೈಗೆ ನೂಲು, ಸೆರಗಿಗೆ ರೇಷ್ಮೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯನ್ನು ಕಟ್ಟಿದವನು ಜಾಣನೆಂಬುದರಲ್ಲಿ ಸಂದೇಹವಿಲ್ಲ. ಹೊಟ್ಟೆಗೆ ಏನು ಹಿತವೆಂಬುದನ್ನು ಹೊಟ್ಟೆಯೇ ಬಲ್ಲದು. ನಾವು ಹೇಗೆ ಕಾಣುತ್ತೇವೆಂಬುದನ್ನು ಹೇಳಬೇಕಾದವರು ಎದುರಿಗೆ ನಿಂತವರು. ಆದರೆ ಆ ಜಾಣ ಒಂದು ಸಂಗತಿಯನ್ನು ಹೇಳದೆ ಬಿಟ್ಟ. ಪರರ ನೋಟಕ್ಕಾಗಿ ತೊಟ್ಟ ಬಟ್ಟೆಯನ್ನು ಬೆಳಗಿನಿಂದ ಸಂಜೆಯವರೆಗೆ ಹೊತ್ತು ತಿರುಗಬೇಕಾದುದು ನಮ್ಮ ಮೈ ತಾನೆ? ಬಿಗಿದ ಕೊರಳಪಟ್ಟಿಯ ಸಂಕಟ ನೋಡುವವರ ಕಣ್ಣಿಗೆ ತಟ್ಟುವುದಿಲ್ಲ. ನಮ್ಮ ಕೊರಳಿಗೆ ತಟ್ಟುತ್ತದೆ. ಹೀಗಾಗಿ ಉಡುಪಿಗೆ ಇಬ್ಬರು ಯಜಮಾನರು. ಒಳಗಡೆ ನಮ್ಮ ಚರ್ಮ, ಹೊರಗಡೆ ಊರವರ ಕಣ್ಣು. ಇಬ್ಬರು ಯಜಮಾನರನ್ನು ಓಲೈಸಬೇಕಾದ ಆಳಿನ ಪಾಡು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ.

ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದಲ್ಲಿ, ಮಕ್ಕಳ ಉಡುಪಿನ ಮಟ್ಟಿಗೆ ಈ ಎರಡನೆಯ ಯಜಮಾನನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ದರ್ಜಿ ಅಳತೆ ಹಿಡಿಯುವಾಗ ನನ್ನ ತಂದೆ, “ಬೆಳೆಯೋ ಹುಡುಗ, ಸ್ವಲ್ಪ ಧಾರಾಳವಾಗಿಯೇ ಇರಲಿ” ಎನ್ನುತ್ತಿದ್ದರು. ದರ್ಜಿಯೂ ಉದಾರಿಯೇ. ಮೊದಲನೆಯ ವರ್ಷ ಆ ಅಂಗಿಯೊಳಗೆ ನಾನೆಲ್ಲಿದ್ದೇನೆಂದು ಹುಡುಕಬೇಕಾಗುತ್ತಿತ್ತು. ಎರಡನೆಯ ವರ್ಷ ಅದು ಅಳತೆಗೆ ಸರಿಯಾಗಿ ಕೂಡುವ ವೇಳೆಗೆ ಮೊಳಕೈ ಹತ್ತಿರ ಸವೆದು ಹೋಗಿರುತ್ತಿತ್ತು. ಮೂರನೆಯ ವರ್ಷ ಅದು ತಮ್ಮನ ಪಾಲಾಗುತ್ತಿತ್ತು. ಅವನಿಗೆ ಅದು ಮತ್ತೆ ಧಾರಾಳವೇ. ಸೌಖ್ಯಕ್ಕೆ ಮಾತ್ರ ಏನೂ ಕೊರತೆ ಇರಲಿಲ್ಲವೆಂದು ಒಪ್ಪಬೇಕು. ಒಳಗೆ ಗಾಳಿ ಸ್ವೇಚ್ಛೆಯಾಗಿ ಆಡುತ್ತಿತ್ತು. ಮರ ಹತ್ತುವುದಕ್ಕೆ ತೊಡಕಿಲ್ಲ. ಇಳಿಯುವಾಗ ಒಡಲಿನಲ್ಲಿ ಎಂಟು ಹತ್ತು ಮಾವಿನಕಾಯಿಗಳನ್ನು ತುಂಬಿಕೊಳ್ಳುವಷ್ಟು ಸ್ಥಳವೂ ಇತ್ತು.

ಸೊಗಸೆಂಬ ವಸ್ತು ನಮ್ಮ ಮನೆಗೆ ಬಂದದ್ದು ಸೋದರಮಾವನ ಟೆರಿಲಿನ್ ಶರಟಿನ ರೂಪದಲ್ಲಿ. ಪಟ್ಟಣದಲ್ಲಿ ನೌಕರಿಗಿದ್ದ ಮಾವ ಒಂದು ವೈಶಾಖ ಮಾಸದ ಮದುವೆಗೆ ಅದನ್ನು ತೊಟ್ಟು ಬಂದರು. ಹಾಲಿನಂಥ ಬಿಳುಪು, ರಾತ್ರಿಯಿಡೀ ಬಸ್ಸಿನಲ್ಲಿ ಬಂದರೂ ಒಂದು ಸುಕ್ಕಿಲ್ಲ! ಹೆಂಗಸರು ಮುಟ್ಟಿ ನೋಡಿದರು. ಗಂಡಸರು ಬೆಲೆ ಕೇಳಿದರು. ಒಗೆದು ಕೊಡವಿ ಹಾಕಿದರೆ ಸಾಕು, ಗಂಟೆಯೊಳಗೆ ಒಣಗುತ್ತದೆ, ಇಸ್ತ್ರಿಯ ಗೊಡವೆಯೇ ಇಲ್ಲ ಎಂದು ಮಾವ ಅದರ ಮಹಿಮೆಯನ್ನು ಬಣ್ಣಿಸಿದರು. ಧಾರೆಯ ಹೊತ್ತಿಗೆ ಬಿಸಿಲೇರಿತು. ಚಪ್ಪರದಡಿಯಲ್ಲಿ ಹೋಮದ ಹೊಗೆ, ಜನರ ಇಕ್ಕಟ್ಟು. ಪಂಚೆಯುಟ್ಟು ಬರಿಮೈಗೆ ಉತ್ತರೀಯ ಹೊದೆದಿದ್ದ ಹಿರಿಯರು ಬೀಸಣಿಗೆ ಹಿಡಿದು ನೆಮ್ಮದಿಯಾಗಿದ್ದರೆ, ಮಾವನ ಮುಖದಲ್ಲಿ ನೀರು ಹರಿಯುತ್ತಿತ್ತು. ಶರಟು ಬೆನ್ನಿಗೆ ಅಂಟಿಕೊಂಡು ಒಳಗಿನ ಬನಿಯನ್ನಿನ ತೂತುಗಳನ್ನೆಲ್ಲ ಲೋಕಕ್ಕೆ ತೋರಿಸುತ್ತಿತ್ತು. ಆದರೂ ಅವರು ಅದನ್ನು ಕಳಚಲಿಲ್ಲ. ಊಟದ ಪಂಕ್ತಿಯಲ್ಲಿ ನಾಲ್ವರು ಆ ಶರಟನ್ನು ಇನ್ನೂ ನೋಡಿರಲಿಲ್ಲ!

ಆ ಶರಟು ಸುಕ್ಕಾಗದಿದ್ದುದಕ್ಕೂ ಮಾವ ಬೆಂದುಹೋದುದಕ್ಕೂ ಕಾರಣ ಒಂದೇ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಟೆರಿಲಿನ್ ಎಂಬುದು ಪಾಲಿಯೆಸ್ಟರಿನ ಒಂದು ಹೆಸರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಕಂಡುಹಿಡಿದರು. ಹತ್ತಿಯ ಎಳೆಗೆ ನೀರೆಂದರೆ ಪ್ರೀತಿ. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂನಷ್ಟು ತೇವವನ್ನು ಗಾಳಿಯಿಂದ ಹೀರಿಕೊಂಡೂ ಒದ್ದೆಯೆನಿಸದೆ ಇರಬಲ್ಲದು. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಮೈಯ ಬೆವರನ್ನು ಹತ್ತಿ ತಾನು ಕುಡಿದು ಗಾಳಿಗೆ ಬಿಟ್ಟುಕೊಡುತ್ತದೆ. ಪಾಲಿಯೆಸ್ಟರ್ ಅದನ್ನು ಚರ್ಮದ ಮೇಲೆಯೇ ನಿಲ್ಲಿಸುತ್ತದೆ. ಹತ್ತಿಯ ಈ ಗುಣದಲ್ಲಿಯೇ ಅದರ ಅವಗುಣವೂ ಅಡಗಿದೆ. ಒಳಹೊಕ್ಕ ತೇವ ಎಳೆಯೊಳಗಿನ ಅಣುಸರಪಳಿಗಳ ಕಟ್ಟನ್ನು ಸಡಿಲಿಸುತ್ತದೆ. ಆಗ ನಾವು ಕುಳಿತರೆ, ಒರಗಿದರೆ, ಮೊಳಕೈ ಮಡಿಸಿದರೆ ಆ ಸರಪಳಿಗಳು ಮಡಿಕೆಯಾದಲ್ಲಿಯೇ ಮತ್ತೆ ಕಟ್ಟಿಕೊಳ್ಳುತ್ತವೆ. ಅದೇ ಸುಕ್ಕು. ಇಸ್ತ್ರಿ ಮಾಡುವವರು ಬಟ್ಟೆಗೆ ನೀರು ಚಿಮುಕಿಸುವುದೂ ಇದಕ್ಕಾಗಿಯೇ. ನೀರು ಕಟ್ಟನ್ನು ಬಿಚ್ಚುತ್ತದೆ, ಬಿಸಿ ಮತ್ತು ಭಾರಗಳು ಅದನ್ನು ನೇರವಾಗಿ ಕಟ್ಟುತ್ತವೆ. ಇವೆರಡರ ನಡುವೆ ರಾಜಿ ಮಾಡಿಸಲೆಂದು ಬಂದದ್ದು ಟೆರಿಕಾಟ್. ಅದರಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ. ಶಾಲೆಯ ಸಮವಸ್ತ್ರವಾಗಿ ನಿಮ್ಮಲ್ಲಿ ಹಲವರು ಅದನ್ನೇ ಧರಿಸಿರಬಹುದು. ರಾಜಿಯಲ್ಲಿ ಯಾರ ಕೈ ಮೇಲಾಗಿದೆಯೆಂಬುದು ಏಪ್ರಿಲ್ ತಿಂಗಳ ಮಧ್ಯಾಹ್ನದ ತರಗತಿಯಲ್ಲಿ ತಿಳಿಯುತ್ತದೆ.

ಹತ್ತಿಯ ಬಟ್ಟೆ ಸೌಖ್ಯವನ್ನು ತಾನಾಗಿಯೇ ಕೊಡುತ್ತದೆ, ಸೊಗಸನ್ನು ನಾವು ದುಡಿದು ಪಡೆಯಬೇಕು. ಯಾರು ದುಡಿಯಬೇಕು ಎಂಬ ಪ್ರಶ್ನೆಯೂ ಉಂಟು. ನಮ್ಮ ಮನೆಯಲ್ಲಿ ದುಡಿಯುತ್ತಿದ್ದವರು ನಮ್ಮ ತಾಯಿ.

ನಮ್ಮ ತಂದೆಗೆ ಮೂರು ಎಕರೆ ಬೆದ್ದಲು ಜಮೀನಿತ್ತು. ಅದರ ಪಹಣಿಯಲ್ಲಿ ಅವರ ಹೆಸರಿಗೆ ಬದಲಾಗಿ ಬೇರೆ ಯಾರದೋ ಹೆಸರು ಸೇರಿಹೋಗಿತ್ತು. ಅದನ್ನು ತಿದ್ದಿಸಲೆಂದು ಅವರು ಎರಡು ವರ್ಷ ಕಚೇರಿಗೆ ಅಲೆದರು. ಕಚೇರಿಗೆ ಹೋಗಬೇಕಾದ ದಿನಕ್ಕೆ ಮುನ್ನ ತಾಯಿ ಅನ್ನ ಬಸಿದ ಗಂಜಿಯನ್ನು ಎತ್ತಿಡುತ್ತಿದ್ದರು. ಅದನ್ನು ಅರಿವೆಯಲ್ಲಿ ಸೋಸಿ, ನೀರು ಬೆರೆಸಿ, ಒಗೆದ ಪಂಚೆಯನ್ನು ಅದ್ದಿ, ಹಿಂಡದೆಯೇ ಹಗ್ಗಕ್ಕೆ ಹರವುತ್ತಿದ್ದರು. ಗಂಜಿಯಲ್ಲಿ ಒಂದು ಅಗುಳು ಉಳಿದರೂ ಪಂಚೆಯ ಮೇಲೆ ಕಲೆ ಕೂರುತ್ತದೆ. ತೆಳುವಾದರೆ ಬಟ್ಟೆ ನಿಲ್ಲುವುದಿಲ್ಲ. ಗಟ್ಟಿಯಾದರೆ ಹಪ್ಪಳದಂತೆ ಸದ್ದು ಮಾಡುತ್ತದೆ. ಈ ಹದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ, ಅವರ ಬೆರಳುಗಳಲ್ಲಿತ್ತು. ಇಸ್ತ್ರಿಪೆಟ್ಟಿಗೆ ನಮ್ಮಲ್ಲಿರಲಿಲ್ಲ. ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬಿ, ಕಂಠವನ್ನು ಬಟ್ಟೆಯಿಂದ ಹಿಡಿದು, ಚಾಪೆಯ ಮೇಲೆ ಪಂಚೆಯನ್ನು ಹಾಸಿ ಉಜ್ಜುತ್ತಿದ್ದರು. ಒಲೆಯ ಮುಂದಿನ ಕೆಲಸವೆಲ್ಲ ಮುಗಿದ ಮೇಲೆ, ಲಾಟೀನಿನ ಬೆಳಕಿನಲ್ಲಿ, ಇದು ನಡೆಯುತ್ತಿತ್ತು.

ಮರುದಿನ ತಂದೆ ಆ ಪಂಚೆಯನ್ನುಟ್ಟು, ಇದ್ದೊಂದು ಮುಚ್ಚುಕೊರಳ ಕೋಟನ್ನು ತೊಟ್ಟು ಹೊರಡುತ್ತಿದ್ದರು. ಗಂಜಿ ಕುಡಿದ ಬಟ್ಟೆಯಲ್ಲಿ ನೂಲಿನ ಸಂದುಗಳು ಮುಚ್ಚಿಹೋಗಿ ಗಾಳಿ ಸುಳಿಯುವುದಿಲ್ಲ. ಬೇಸಿಗೆಯಲ್ಲಿ ಅದರ ಮೇಲೊಂದು ಕೋಟು! ಒಮ್ಮೆ ನಾನೂ ಅವರ ಜೊತೆಗೆ ಹೋಗಿದ್ದೆ. ಬಸ್ಸಿನಲ್ಲಿ ಸ್ಥಳವಿತ್ತು. ನನ್ನನ್ನು ಕುಳ್ಳಿರಿಸಿ ತಾವು ಮಾತ್ರ ಕಂಬಿ ಹಿಡಿದು ನಿಂತೇ ಬಂದರು. “ಕೂತ್ಕೋ ಅಪ್ಪಾ” ಎಂದೆ. “ಕೂತ್ರೆ ಪಂಚೆ ಮುದುರುತ್ತೆ” ಎಂದರು. ಮುದುರಿದರೇನು ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ. “ಅರ್ಜಿ ಓದೋದಕ್ಕೆ ಮುಂಚೆ ಅವರು ಅಂಗೀನ ಓದ್ತಾರೆ ಮಗು.”

ಪಹಣಿ ಕೊನೆಗೆ ಸರಿಹೋಯಿತು. ಅರ್ಜಿಯಿಂದ ಸರಿಹೋಯಿತೋ ಪಂಚೆಯಿಂದ ಸರಿಹೋಯಿತೋ ಬಲ್ಲವರಿಲ್ಲ. ಕಚೇರಿಯಿಂದ ಮರಳಿದೊಡನೆ ತಂದೆ ಆ ಪಂಚೆಯನ್ನು ಜೋಪಾನವಾಗಿ ಮಡಿಸಿಟ್ಟು, ಹತ್ತಾರು ಮಳೆಗಾಲ ಕಂಡು ಮೆತ್ತಗಾದ ಇನ್ನೊಂದನ್ನು ಸುತ್ತಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಆಗ ಅವರ ಭುಜಗಳು ಇಳಿಯುತ್ತಿದ್ದವು, ಮಾತು ಸಡಿಲವಾಗುತ್ತಿತ್ತು. ಒಬ್ಬನೇ ಮನುಷ್ಯ ದಿನದಲ್ಲಿ ಇಬ್ಬರಾಗಬೇಕಾದ ಆ ಕಷ್ಟ ನನಗೆ ಅನ್ಯಾಯವೆಂದು ತೋರುತ್ತಿತ್ತು. ಸೌಖ್ಯವೂ ಸೊಗಸೂ ಒಂದೇ ಬಟ್ಟೆಯಲ್ಲಿ ಇರಲಾರವೇ?

ಇರಬಲ್ಲವು ಎಂಬುದನ್ನು ನಾನು ಕಂಡದ್ದು ನನ್ನ ಮೊದಲ ನೌಕರಿಯ ಊರಿನಲ್ಲಿ. ಆಗ ಅದು ವಿಜಾಪುರ ಜಿಲ್ಲೆ. 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಇಳಕಲ್ಲು ಅಲ್ಲಿಂದ ಕೆಲವೇ ಮೈಲಿ. ಶಾಲೆಯಿಂದ ಬರುವ ದಾರಿಯಲ್ಲಿ ಮಗ್ಗಗಳ ಸದ್ದು ಕೇಳುತ್ತಿತ್ತು. ಹಳೆಯ ಮೈಸೂರಿನ ಕಡೆಯಿಂದ ಹೋದ ನನಗೆ ಇಳಕಲ್ಲು ಸೀರೆಯ ಹೆಸರು ತಿಳಿದಿತ್ತೇ ಹೊರತು ಅದರ ಒಳಗುಟ್ಟು ತಿಳಿದಿರಲಿಲ್ಲ.

ಸೀರೆಯ ಒಡಲು ಹತ್ತಿಯ ನೂಲು. ಅಂಚು ಮತ್ತು ಸೆರಗು ರೇಷ್ಮೆ. ಒಡಲಿನ ಹಾಸನ್ನು ಬೇರೆ, ಸೆರಗಿನ ಹಾಸನ್ನು ಬೇರೆ ಸಿದ್ಧಪಡಿಸುತ್ತಾರೆ. ಆಮೇಲೆ ನೂಲಿನ ಒಂದೊಂದು ಎಳೆಗೂ ರೇಷ್ಮೆಯ ಎಳೆಯನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಸಾವಿರಾರು ಕುಣಿಕೆಗಳು. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಬಿರುಕು ಕಾಣುತ್ತದೆ. ಹಾಸನ್ನು ಹತ್ತು ಸೀರೆಗಳಿಗೆ ಒಟ್ಟಿಗೆ ಹಾಕಿ ನೇಯ್ದುಬಿಡುವಂತಿಲ್ಲ. ಪ್ರತಿಯೊಂದು ಸೀರೆಗೂ ಈ ಜೋಡಣೆ ಹೊಸದಾಗಿಯೇ ಆಗಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ಎಳೆಯಲ್ಲಿ ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ತೆನೆಗಳು ಮೂಡುತ್ತವೆ. ರವಿಕೆಗೆ ಗುಳೇದಗುಡ್ಡದ ಕಣ. ಇಷ್ಟು ಶ್ರಮಪಟ್ಟು ಎರಡು ಬಗೆಯ ನೂಲುಗಳನ್ನು ಬೆಸೆಯುವುದೇಕೆ, ಪೂರ್ತಿ ರೇಷ್ಮೆಯದನ್ನೋ ಪೂರ್ತಿ ನೂಲಿನದನ್ನೋ ನೇಯ್ದರಾಗದೆ ಎಂದು ನಾನು ಒಮ್ಮೆ ನಮ್ಮ ಮನೆಯೊಡತಿಯನ್ನು ಕೇಳಿದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು: “ಮೈಗೆ ಹತ್ತೂದು ನೂಲಿಂದ ಇರಬೇಕ್ರೀ ಮಾಸ್ತರ. ಮಂದಿ ನೋಡೂ ಸೆರಗಷ್ಟ ರೇಷ್ಮಿದಿದ್ರ ಸಾಕು.”

ಇಷ್ಟು ದಿನ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರ ಎಲ್ಲಿ ಸಿಕ್ಕೀತು? ಬೆಂಕಿಯಂಥ ಬಿಸಿಲಿನ ಆ ಸೀಮೆಯಲ್ಲಿ ಸುತ್ತು ಸುತ್ತಾಗಿ ಮೈಯನ್ನು ಆವರಿಸುವ ಭಾಗ ಬೆವರನ್ನು ಹೀರುವ ಹತ್ತಿ. ಹೆಗಲಿನಿಂದ ಇಳಿದು ಎಲ್ಲರ ಕಣ್ಣಿಗೂ ಬೀಳುವ, ತಲೆಯ ಮೇಲೆ ಹೊದೆದಾಗ ಮುಖಕ್ಕೆ ಕಳೆಯೇರಿಸುವ ಗೇಣಗಲದ ಪಟ್ಟಿ ಮಾತ್ರ ರೇಷ್ಮೆ. ಬೆಲೆಯೂ ಕೈಗೆಟುಕುತ್ತಿತ್ತು. ಕಚ್ಚೆ ಹಾಕಿ ಉಟ್ಟರೆ ಹೊಲದಲ್ಲಿ ಕಳೆ ಕೀಳಬಹುದು. ಅದೇ ಸೀರೆಯ ಸೆರಗನ್ನು ಬಿಚ್ಚಿ ಹೊದೆದರೆ ಜಾತ್ರೆಗೆ ಹೋಗಬಹುದು. ಈಚೆಗೆ ಕೃತಕ ರೇಷ್ಮೆಯೂ ವಿದ್ಯುತ್ ಮಗ್ಗವೂ ಬಂದಿವೆ. ಒಡಲಿಗೂ ಕೃತಕ ನೂಲನ್ನೇ ಹಾಕಿದ ಸೀರೆಗಳು ಪೇಟೆಯಲ್ಲಿ ಹೊಳೆಯುತ್ತವೆ. ನೋಟಕ್ಕೆ ಅವೂ ಇಳಕಲ್ಲು ಸೀರೆಗಳೇ. ಆದರೆ ಆ ಮನೆಯೊಡತಿ ಅವನ್ನು ಒಪ್ಪುತ್ತಿದ್ದಳೆಂದು ನನಗೆ ತೋರುವುದಿಲ್ಲ.

ಉಡುಪಿನ ವಿಚಾರದಲ್ಲಿ ದೊಡ್ಡವರನ್ನು ಉದಾಹರಿಸುವುದು ವಾಡಿಕೆ. ಒಬ್ಬರು ಗಾಂಧೀಜಿ, ಇನ್ನೊಬ್ಬರು ವಿಶ್ವೇಶ್ವರಯ್ಯನವರು. ವಿದ್ಯಾರ್ಥಿಯಾಗಿ ಲಂಡನ್ನಿಗೆ ಹೋದ ಗಾಂಧಿ ಹತ್ತು ಪೌಂಡು ತೆತ್ತು ಬಾಂಡ್ ಸ್ಟ್ರೀಟಿನಲ್ಲಿ ಸಂಜೆಯ ಉಡುಪನ್ನು ಹೊಲಿಸಿದ್ದರು. ದಿನಕ್ಕೆ ಹತ್ತು ನಿಮಿಷ ಕನ್ನಡಿಯ ಮುಂದೆ ನಿಂತು ಟೈಯನ್ನೂ ಬೈತಲೆಯನ್ನೂ ಸರಿಪಡಿಸಿಕೊಳ್ಳುತ್ತಿದ್ದರು. ಹಾಗೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ವ್ಯಕ್ತಿ 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ, ಮೈತುಂಬ ಬಟ್ಟೆಯಿಲ್ಲದ ಬಡವರನ್ನು ಕಂಡ ಮೇಲೆ, ಮೊಳಕಾಲುದ್ದದ ಪಂಚೆಯನ್ನು ತನ್ನ ಉಡುಪಾಗಿ ಮಾಡಿಕೊಂಡರು. 1931ರ ನವೆಂಬರಿನ ಚಳಿಯಲ್ಲಿ ಇಂಗ್ಲೆಂಡಿನ ದೊರೆಯ ಅರಮನೆಗೂ ಅದರಲ್ಲಿಯೇ, ಮೇಲೊಂದು ಶಾಲು ಹೊದೆದು, ಹೋಗಿಬಂದರು. ವಿಶ್ವೇಶ್ವರಯ್ಯನವರಾದರೋ ಯಾವ ಭಾವಚಿತ್ರದಲ್ಲಿ ನೋಡಿದರೂ ಕೋಟು, ಟೈ, ಜರಿಯಂಚಿನ ಮೈಸೂರು ಪೇಟ. ಎಲ್ಲಿಯೂ ಒಂದು ಗುಂಡಿ ಸಡಿಲವಿಲ್ಲ. ಯಾರು ಸರಿ ಎಂದು ತೀರ್ಪು ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಈ ಇಬ್ಬರ ಚಿತ್ರಗಳನ್ನೂ ನೋಡುವಾಗ ನನಗೆ ಹೊಳೆಯುವುದು ಇಷ್ಟೆ: ಇಬ್ಬರೂ ತಮ್ಮ ಬಟ್ಟೆಯನ್ನು ತಾವೇ ಆರಿಸಿಕೊಂಡವರು. ನನ್ನ ತಂದೆಗೆ ಆ ಭಾಗ್ಯವಿರಲಿಲ್ಲ.

ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದವರು ಬೇಕಾದಷ್ಟು ಮಂದಿ ಇದ್ದಾರೆ. ಕರಿಯ ಕೋಟು ಚಳಿ ದೇಶದಲ್ಲಿ ಹುಟ್ಟಿದ ಉಡುಪು. ಅದು ನಮ್ಮ ನ್ಯಾಯಾಲಯಗಳಿಗೆ ಬಂದು ನೆಲೆಸಿದಾಗ ಕಲಬುರಗಿಯ ಮೇ ತಿಂಗಳನ್ನು ಯಾರೂ ಕೇಳಲಿಲ್ಲ. ಈಗ ಬೇಸಿಗೆಯಲ್ಲಿ ಕೆಳಗಿನ ನ್ಯಾಯಾಲಯಗಳ ಮಟ್ಟಿಗೆ ಅದು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮವೇ ರಿಯಾಯಿತಿ ಕೊಟ್ಟಿದೆ. ಜಪಾನಿನ ಸರ್ಕಾರ 2005ರ ಬೇಸಿಗೆಯಲ್ಲಿ, ಕಚೇರಿಗಳ ತಂಪುಯಂತ್ರವನ್ನು 28 ಡಿಗ್ರಿಗೆ ನಿಲ್ಲಿಸಿ, ನೌಕರರು ಕೋಟನ್ನೂ ಟೈಯನ್ನೂ ಬಿಟ್ಟು ಬರಬಹುದೆಂದು ಕರೆಕೊಟ್ಟಿತು. ಅದರಿಂದ ವಿದ್ಯುತ್ತೂ ಉಳಿಯಿತು, ಕೊರಳೂ ಉಳಿಯಿತು.

ನಮ್ಮಲ್ಲಿ ತೊಡಕಿರುವುದು ಬಾಗಿಲುಗಳಲ್ಲಿ. 2014ರ ಜುಲೈಯಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ, ಪಂಚೆಯುಟ್ಟು ಬಂದರೆಂಬ ಕಾರಣಕ್ಕೆ ಹೈಕೋರ್ಟಿನ ನ್ಯಾಯಾಧೀಶರೊಬ್ಬರನ್ನೇ ಒಳಗೆ ಬಿಡಲಿಲ್ಲ. ಮರುತಿಂಗಳೇ ತಮಿಳುನಾಡಿನ ವಿಧಾನಸಭೆ, ಪಂಚೆಯುಟ್ಟವರನ್ನು ಹೀಗೆ ತಡೆಯುವುದು ಅಪರಾಧವೆಂದು ಕಾಯಿದೆ ಮಾಡಿತು. ನ್ಯಾಯಾಧೀಶರಿಗೆ ಆದದ್ದು ರೈತನಿಗೆ ಆಗದಿದ್ದೀತೆ? 2024ರ ಜುಲೈಯಲ್ಲಿ ಹಾವೇರಿಯ ಕಡೆಯ ವೃದ್ಧ ರೈತರೊಬ್ಬರು ಮಗನೊಡನೆ ಬೆಂಗಳೂರಿನ ಒಂದು ಮಾಲಿಗೆ ಸಿನಿಮಾ ನೋಡಲೆಂದು ಹೋದರು. ಕೈಯಲ್ಲಿ ಟಿಕೆಟ್ಟಿತ್ತು. ಪಂಚೆಯುಟ್ಟವರಿಗೆ ಪ್ರವೇಶವಿಲ್ಲ, ಪ್ಯಾಂಟು ಹಾಕಿಕೊಂಡು ಬನ್ನಿ ಎಂದು ಬಾಗಿಲಲ್ಲಿ ತಡೆದರು. ಮರುದಿನ ರೈತರೂ ಕನ್ನಡ ಸಂಘಟನೆಗಳವರೂ ಅಲ್ಲಿ ಪ್ರತಿಭಟಿಸಿದರು. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು.

ಬಾಗಿಲು ಕಾಯುವವನ ಮೇಲೆ ಸಿಟ್ಟಾಗುವುದು ಸುಲಭ. ಅವನೂ ಯಾರೋ ಹೊಲಿಸಿಕೊಟ್ಟ ದಪ್ಪ ಸಮವಸ್ತ್ರದಲ್ಲಿ, ಹೆಗಲಪಟ್ಟಿ ಹೊತ್ತು, ದಿನವಿಡೀ ನಿಂತು ಬೇಯುವವನೇ. ನನ್ನ ತಂದೆಯಂತೆ ಅವನಿಗೂ ಸಂಜೆ ಮನೆಗೆ ಹೋಗಿ ಸುತ್ತಿಕೊಳ್ಳಲು ಒಂದು ಮೆತ್ತನೆಯ ಲುಂಗಿ ಇದ್ದೀತು. ಯಾವ ಬಟ್ಟೆ ಸಭ್ಯ, ಯಾವುದು ಅಲ್ಲ ಎಂಬುದನ್ನು ಗೊತ್ತುಮಾಡುವವರು ಮಾತ್ರ ತಂಪಾದ ಕೋಣೆಯಲ್ಲಿ ಕುಳಿತಿರುತ್ತಾರೆ. ಒಗೆದು ಮಡಿಮಾಡಿದ ಪಂಚೆ, ಅಳತೆಗೆ ಸರಿಯಾದ ಅಂಗಿ, ಬಿಟ್ಟುಹೋಗದ ಗುಂಡಿ – ಇಷ್ಟರ ಮೇಲೆ ಇನ್ನೂ ಏನನ್ನಾದರೂ ಕೇಳುವ ಬಾಗಿಲು ಬಟ್ಟೆಯನ್ನು ನೋಡುತ್ತಿಲ್ಲ, ಉಟ್ಟವನ ಊರನ್ನು ನೋಡುತ್ತಿದೆ ಎಂದೇ ನನ್ನ ಭಾವನೆ.

ಬಾಗಿಲುಗಳ ಮಾತಾಯಿತು, ಇನ್ನು ಜೇಬಿನದೊಂದು ಸಣ್ಣ ಸಂಗತಿ. ನನ್ನ ಮೊಮ್ಮಗಳು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಈ ವರ್ಷ ಚೂಡಿದಾರ ಹೊಲಿಸುವಾಗ ಅದಕ್ಕೊಂದು ಜೇಬು ಬೇಕೆಂದು ಹಟ ಹಿಡಿದಳು. “ಹುಡುಗಿಯರ ಉಡುಪಿಗೆ ಜೇಬಿಟ್ಟರೆ ಹೊಲಿಗೆ ಉಬ್ಬುತ್ತೆ, ಅಂದ ಕೆಡುತ್ತೆ” ಎಂದರು ಹೊಲಿಯುವಾಕೆ. “ಅಣ್ಣನ ಪ್ಯಾಂಟಿಗೆ ನಾಲ್ಕು ಜೇಬಿವೆಯಲ್ಲ ಆಂಟಿ, ಅದರ ಅಂದ ಕೆಟ್ಟಿದೆಯೆ?” ಎಂದು ಇವಳು ಕೇಳಿದಳು. ಹೊಲಿಯುವಾಕೆ ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದ ಹೊಲಿಗೆಯ ಒಳಗೆ, ಹೊರಗಿನಿಂದ ಗುರುತೇ ಸಿಗದಂತೆ ಒಂದು ಜೇಬನ್ನು ಕೂಡಿಸಿಕೊಟ್ಟರು; ಅದಕ್ಕಾಗಿ ಮೂವತ್ತು ರೂಪಾಯಿ ಹೆಚ್ಚು ಕೇಳಿದರು. ಮೊದಲ ದಿನ ಅದರೊಳಗೆ ಸೇರಿದ ವಸ್ತುಗಳು: ಮನೆಯ ಬೀಗದ ಕೈ, ಗುರುತಿನ ಚೀಟಿ, ಒಂದು ಕರವಸ್ತ್ರ, ಶಾಲೆಯ ಗೇಟಿನ ಬಳಿ ಕೊಂಡ ಐದು ನೆಲ್ಲಿಕಾಯಿ. ನೆಲ್ಲಿಕಾಯಿಗಳಿಂದ ಜೇಬು ಉಬ್ಬಿಕೊಂಡಿತ್ತು. ಅದನ್ನು ಕುರಿತು ಅವಳು ಚಿಂತಿಸಿದಂತೆ ಕಾಣಲಿಲ್ಲ.